‘ಸೂಪರ್’ ಅಂದುಬಿಟ್ಟೆ, ಈಗ ಏನು ಮಾಡಲಿ?

ಪ್ರಶ್ನೆ: ನನಗೆ 27 ವರ್ಷ. ಊರು ತೀರ್ಥಹಳ್ಳಿ ಹತ್ತಿರ, ಕೆಲಸ ಬೆಂಗಳೂರಿನಲ್ಲಿ. ಐದು ಜನ ಗೆಳೆಯರು ಒಂದೇ ಬಾಡಿಗೆ ಮನೆಯಲ್ಲಿದ್ದೇವೆ. ಉಳಿದ ನಾಲ್ವರಿಗೂ ಇಂಡೀ, ಆಲ್ಟರ್ನೇಟಿವ್ ಸಂಗೀತದ ಹುಚ್ಚು. ಹೊಸ ಆಲ್ಬಮ್‌ಗಳು ಶುಕ್ರವಾರ ಬರುತ್ತವಲ್ಲ, ಅವತ್ತು ರಾತ್ರಿ ಊಟ ಮುಗಿಸಿ ಎಲ್ಲರೂ ಸ್ಪೀಕರ್ ಮುಂದೆ ಕೂರುತ್ತೇವೆ. ಕೇಳಿ ಮುಗಿದ ಮೇಲೆ ಒಬ್ಬೊಬ್ಬರೂ ಹತ್ತಕ್ಕೆ ಇಷ್ಟು ಎಂದು ಅಂಕ ಕೊಡಬೇಕು. ನಾನು ಬೆಳೆದದ್ದು ಅಪ್ಪನ ಭಾವಗೀತೆ ಕ್ಯಾಸೆಟ್‌ಗಳ ಜೊತೆ. ರಾಗ ಗೊತ್ತಿಲ್ಲ, ಕಾರ್ಡ್ ಗೊತ್ತಿಲ್ಲ. ಅವರು ಶೂಗೇಜ್, ಪೋಸ್ಟ್-ಪಂಕ್ ಎಂದೆಲ್ಲ ಮಾತಾಡುವಾಗ ಹೂಂಗುಟ್ಟುತ್ತೇನೆ. ನನ್ನ ಸರದಿ ಬರುವಷ್ಟರಲ್ಲಿ ವಿಮರ್ಶಕರು ಎಷ್ಟು ಕೊಟ್ಟಿದ್ದಾರೆ ಎಂದು ಫೋನಿನಲ್ಲಿ ನೋಡಿಕೊಂಡು, ಅದರ ಆಚೀಚೆ ಒಂದು ಅಂಕ ಹೇಳಿಬಿಡುತ್ತೇನೆ.

ಹೋದ ತಿಂಗಳು ನಮ್ಮಲ್ಲೇ ಒಬ್ಬನ ಬ್ಯಾಂಡಿನ ಮೊದಲ ಆಲ್ಬಮ್ ಬಂತು. ಆರು ಹಾಡು, ಎಲ್ಲ ಕನ್ನಡದ್ದು. ಎರಡು ವರ್ಷದ ಉಳಿತಾಯವನ್ನೆಲ್ಲ ಅದಕ್ಕೇ ಸುರಿದಿದ್ದಾನೆ. ಎಲ್ಲರೂ ಹೊಗಳಿದರು. ಆಮೇಲೆ ಅವನು ನನ್ನನ್ನು ತಾರಸಿಗೆ ಕರೆದುಕೊಂಡು ಹೋಗಿ, “ನೀನು ಹೇಳು, ನೀನು ಸಾಹಿತ್ಯ ಕೇಳೋನು” ಅಂದ. ನನಗೆ ಆಲ್ಬಮ್ ಹಿಡಿಸಿರಲಿಲ್ಲ. ಡ್ರಮ್ಮಿನ ಸದ್ದಿನಲ್ಲಿ ಮಾತೇ ಕೇಳುತ್ತಿರಲಿಲ್ಲ. ನಾಲ್ಕನೇ ಹಾಡಿನಲ್ಲಿ ‘ಹಳೆ ದಾರಿ’ ಅನ್ನುವುದು ‘ಹಾಳೆ ದಾರಿ’ ಎಂದು ಕೇಳಿ ಕಿವಿಗೆ ಚುಚ್ಚಿದಂತಾಗಿತ್ತು. ಆದರೆ ಅವನ ಮುಖ ನೋಡಿ ‘ಸೂಪರ್’ ಅಂದುಬಿಟ್ಟೆ. ಈಗ ಅದೇ ನಾಲ್ಕನೇ ಹಾಡಿಗೆ ಸಾಲ ಮಾಡಿ ವಿಡಿಯೊ ಮಾಡಲು ಹೊರಟಿದ್ದಾನೆ. ರಾತ್ರಿ ನಿದ್ದೆ ಬರುತ್ತಿಲ್ಲ. ಸಂಗೀತವೇ ಗೊತ್ತಿಲ್ಲದ ನನಗೆ ಅಭಿಪ್ರಾಯ ಹೇಳುವ ಹಕ್ಕಿದೆಯೇ? ಈಗ ಹೇಳಿದರೆ ಗೆಳೆತನ ಉಳಿಯುತ್ತದೆಯೇ?

— ಹೆಸರು ಬೇಡ, ಬೆಂಗಳೂರು

ಉತ್ತರ: ನಿಮ್ಮ ಪತ್ರವನ್ನು ಓದುತ್ತ ‘ಹಾಳೆ ದಾರಿ’ಯ ಹತ್ತಿರ ನಿಂತುಬಿಟ್ಟೆ. ಸಂಗೀತ ಗೊತ್ತಿಲ್ಲ ಎಂದು ಮೂರು ಕಡೆ ಬರೆದಿದ್ದೀರಿ. ಆದರೆ ಗೊತ್ತಿರುವ ನಾಲ್ವರ ಕಿವಿಗೆ ಬೀಳದ್ದು ನಿಮ್ಮ ಕಿವಿಗೆ ಬಿದ್ದಿದೆ. ಅಲ್ಲಿಂದಲೇ ಮಾತು ಶುರು ಮಾಡುತ್ತೇನೆ.

ಕನ್ನಡದಲ್ಲಿ ಹ್ರಸ್ವ ದೀರ್ಘ ಅದಲುಬದಲಾದರೆ ಅರ್ಥವೇ ಬೇರೆಯಾಗುತ್ತದೆ. ಕಡು ಕಾಡಾಗುತ್ತದೆ, ಬಿಡು ಬೀಡಾಗುತ್ತದೆ, ಹಳೆ ಹಾಳೆಯಾಗುತ್ತದೆ. ಇಂಗ್ಲಿಷಿನಲ್ಲಿ ಹಾಡುವವರಿಗೆ ಈ ಭಯ ಅಷ್ಟಿಲ್ಲ. ಅಲ್ಲಿ ಒತ್ತು ಎಲ್ಲಿ ಬೀಳುತ್ತದೆ ಎಂಬುದು ಮುಖ್ಯ. ಒತ್ತು ಸರಿಯಾಗಿ ಬಿದ್ದರೆ ಸ್ವರವನ್ನು ಎಷ್ಟು ಎಳೆದರೂ ಪದ ಹೆಚ್ಚುಕಡಿಮೆ ಅದೇ ಪದವಾಗಿ ಉಳಿಯುತ್ತದೆ. ರಾಕ್ ಸಂಗೀತದ ನಡೆ ಬೆಳೆದದ್ದು ಆ ಭಾಷೆಯ ಜೊತೆ. ನಾಲ್ಕು ಎಣಿಕೆಯಲ್ಲಿ ಎರಡನೆಯದಕ್ಕೂ ನಾಲ್ಕನೆಯದಕ್ಕೂ ಸ್ನೇರ್ ಡ್ರಮ್ಮಿನ ಪೆಟ್ಟು ಬೀಳುತ್ತದೆ, ಆ ಪೆಟ್ಟಿಗೆ ಸರಿಯಾಗಿ ಪಟ್ಟನೆ ಮುಚ್ಚಿಕೊಳ್ಳುವ ಪದಗಳು ಅಲ್ಲಿ ಬೇಕಾದಷ್ಟಿವೆ. ನಮ್ಮ ಪದಗಳು ಬಹುಪಾಲು ಸ್ವರದಲ್ಲೇ ಮುಗಿಯುತ್ತವೆ. ಮಳೆ, ಮನೆ, ಊರು, ದಾರಿ, ಬಾಗಿಲು. ಹೀಗಾಗಿ ಮೊದಲು ಟ್ಯೂನ್ ಮಾಡಿಕೊಂಡು ಆಮೇಲೆ ಕನ್ನಡ ತುಂಬಿಸಲು ಹೋದ ಹುಡುಗರು ಬಹಳ ಸಲ ಇದೇ ಗುಂಡಿಗೆ ಬೀಳುತ್ತಾರೆ. ಟ್ಯೂನಿನಲ್ಲಿ ಎಲ್ಲಿ ಉದ್ದದ ಸ್ವರ ಇದೆಯೋ ಅಲ್ಲಿ ಪದದ ಮೊದಲ ಅಕ್ಷರ ಬಂದು ಕೂತುಬಿಡುತ್ತದೆ, ಹಾಡುವವನು ಎಳೆಯಲೇಬೇಕಾಗುತ್ತದೆ.

ಇದನ್ನು ಗುರುತಿಸಲು ಕಾರ್ಡ್ ಗೊತ್ತಿರಬೇಕಿಲ್ಲ. ಮಾತು ಸ್ಪಷ್ಟವಾಗಿ ಕೇಳಬೇಕು, ಮಾತಿನ ತೂಕಕ್ಕೆ ತಕ್ಕ ಹಾಗೆ ಟ್ಯೂನ್ ಬಾಗಬೇಕು ಎಂಬ ಪಾಠವನ್ನು ನಿಮ್ಮ ಅಪ್ಪನ ಕ್ಯಾಸೆಟ್‌ಗಳು ನಿಮಗೆ ಗೊತ್ತಿಲ್ಲದೆಯೇ ಹೇಳಿಕೊಟ್ಟಿವೆ. ನಿಸಾರ್ ಅಹಮದರ ಕವಿತೆಗಳ ‘ನಿತ್ಯೋತ್ಸವ’ ಕ್ಯಾಸೆಟ್ 1978ರಲ್ಲಿ ಮೈಸೂರು ಅನಂತಸ್ವಾಮಿಯವರ ಸಂಗೀತದಲ್ಲಿ ಬಂದ ಮೇಲೆ ನಮ್ಮ ಮನೆಗಳಲ್ಲಿ ಕವಿತೆಯನ್ನು ಕಿವಿಯಿಂದ ಓದುವ ಅಭ್ಯಾಸ ಬೆಳೆಯಿತು. ನೀವು ಆ ಮನೆಗಳಲ್ಲೊಂದರ ಮಗ. ಶುಕ್ರವಾರದ ಕೂಟದಲ್ಲಿ ಅದನ್ನು ಮುಚ್ಚಿಟ್ಟುಕೊಂಡು ಕೂತಿದ್ದೀರಿ, ನನಗೆ ಬೇಸರವಾಗಿದ್ದು ಅದಕ್ಕೆ.

ಒಂದು ಕೆಲಸ ಮಾಡಿ. ಅಶ್ವತ್ಥರ ಗಂಟಲಿನಲ್ಲಿ ಶಿಶುನಾಳ ಶರೀಫರ ಪದಗಳನ್ನು ನೀವು ಕೇಳಿಯೇ ಇರುತ್ತೀರಿ. ಆಮೇಲೆ ರಘು ದೀಕ್ಷಿತ್ ಅವರ 2008ರ ಮೊದಲ ಆಲ್ಬಮ್‌ನಲ್ಲಿರುವ ಶರೀಫರ ಪದವನ್ನು ಹಾಕಿ ಕೇಳಿ. ಒಂದು ಕಡೆ ಹಾರ್ಮೋನಿಯಂ, ತಬಲಾ. ಇನ್ನೊಂದು ಕಡೆ ಗಿಟಾರು, ಡ್ರಮ್ಸ್. ಎರಡರಲ್ಲೂ ಮಾತು ಕೆಡುವುದಿಲ್ಲ. ಶರೀಫರು 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡವರು. ಅವರ ಪದಗಳು ಕಾಗದಕ್ಕೆ ಬರುವ ಮೊದಲು ಭಜನೆಯವರ ಬಾಯಲ್ಲಿ ಬೆಳೆದವು. ಬಾಯಲ್ಲಿ ಬೆಳೆದ ಪದಕ್ಕೆ ಎಲ್ಲಿ ಎಳೆಯಬೇಕು, ಎಲ್ಲಿ ಕಡಿಯಬೇಕು ಎಂಬುದು ಮೈಯಲ್ಲೇ ಇರುತ್ತದೆ. ಗಿಟಾರ್ ಬಂದರೂ ಅದು ಕದಲುವುದಿಲ್ಲ. ರಘು ದೀಕ್ಷಿತರ ಎಲ್ಲ ಹಾಡುಗಳೂ ನನಗೆ ಒಂದೇ ತೂಕದವು ಎನಿಸಿಲ್ಲ, ಆದರೆ ಶರೀಫರನ್ನು ಹಾಡುವಾಗ ಅವರು ಆ ಪದಗಳಿಗೆ ಜಾಗ ಬಿಟ್ಟ ರೀತಿ ನನಗೆ ಇವತ್ತಿಗೂ ಇಷ್ಟ.

ಇನ್ನು ಅಂಕದ ವಿಷಯ. ಫೋನಿನಲ್ಲಿ ನೋಡಿಕೊಂಡು ಹೇಳುವ ಅಂಕವನ್ನು ಬಿಟ್ಟುಬಿಡಿ. ಅಂಕಗಳ ಚರಿತ್ರೆ ಸ್ವಲ್ಪ ಗೊತ್ತಿದ್ದರೆ ಅದರ ಮೇಲಿನ ಭಕ್ತಿ ತಾನಾಗಿಯೇ ಇಳಿಯುತ್ತದೆ. 2000ದ ಅಕ್ಟೋಬರ್‌ನಲ್ಲಿ ರೇಡಿಯೊಹೆಡ್ ಬ್ಯಾಂಡಿನ ‘ಕಿಡ್ ಎ’ ಬಂದಾಗ ಇಂಗ್ಲೆಂಡಿನ ಮೆಲೊಡಿ ಮೇಕರ್ ಪತ್ರಿಕೆ ಅದಕ್ಕೆ ಕೊಟ್ಟದ್ದು ಐದಕ್ಕೆ ಒಂದೂವರೆ. ಇವತ್ತು ಆ ದಶಕದ ದೊಡ್ಡ ಆಲ್ಬಮ್‌ಗಳ ಪಟ್ಟಿ ಮಾಡುವವರು ಅದನ್ನು ಬಿಟ್ಟು ಮಾಡುವುದಿಲ್ಲ. ಅವತ್ತಿನ ವಿಮರ್ಶಕರಲ್ಲಿ ಹಲವರಿಗೆ ಆ ಆಲ್ಬಮ್ ಮನೆಯಲ್ಲಿ ಕೂತು ಕೇಳಲು ಸಿಕ್ಕಿರಲಿಲ್ಲ; ಬಿಡುಗಡೆಗೆ ಮುಂಚೆ ಏರ್ಪಡಿಸಿದ ಕೂಟಗಳಲ್ಲಿ ಕೇಳಿ ಬರೆಯಬೇಕಾಗಿತ್ತು. ಗಿಟಾರಿನ ಹಾಡುಗಳನ್ನು ಎದುರು ನೋಡುತ್ತಿದ್ದವರ ಮುಂದೆ ಕೀಬೋರ್ಡು, ಚೂರುಚೂರಾದ ಕಂಠ ಬಂದು ನಿಂತರೆ ಒಂದೇ ಕೇಳ್ವಿಗೆ ಏನು ದಕ್ಕೀತು? ನಿಮ್ಮ ಶುಕ್ರವಾರದ ಕೂಟದ ಕಷ್ಟವೂ ಇದೇ ಅಲ್ಲವೇ.

ಅಮೆರಿಕದ ಪಿಚ್‌ಫೋರ್ಕ್ ನಿಮ್ಮ ಗೆಳೆಯರಿಗೆ ಚೆನ್ನಾಗಿ ಗೊತ್ತಿರುತ್ತದೆ, ಹತ್ತಕ್ಕೆ ದಶಾಂಶದ ಲೆಕ್ಕದಲ್ಲಿ ಅಂಕ ಕೊಡುವುದು ಅವರ ಕ್ರಮ. 2004ರಲ್ಲಿ ಟ್ರಾವಿಸ್ ಮಾರಿಸನ್ ಎಂಬ ಗಾಯಕ ಬ್ಯಾಂಡ್ ಬಿಟ್ಟು ಒಬ್ಬರೇ ಮಾಡಿದ ಮೊದಲ ಆಲ್ಬಮ್‌ಗೆ ಅವರು ಕೊಟ್ಟದ್ದು ಸೊನ್ನೆ. ಆ ಒಂದು ಸೊನ್ನೆ ಆತನ ದಾರಿಯನ್ನೇ ಕಟ್ಟಿಹಾಕಿತು. ಲಿಜ್ ಫೇರ್ ಎಂಬ ಗಾಯಕಿಯ ಆಲ್ಬಮ್‌ಗೂ ಹಿಂದೆ ಸೊನ್ನೆ ಕೊಟ್ಟಿದ್ದರು. 2021ರಲ್ಲಿ ಅವರೇ 19 ಹಳೆಯ ಆಲ್ಬಮ್‌ಗಳ ಅಂಕ ತಿದ್ದಿದಾಗ ಆ ಸೊನ್ನೆ 6.0 ಆಯಿತು. ಹಾಡು ಒಂದಕ್ಷರ ಬದಲಾಗಿರಲಿಲ್ಲ, ಕೇಳುವವರು ಬದಲಾಗಿದ್ದರು. ತಪ್ಪೊಪ್ಪಿಕೊಂಡದ್ದಕ್ಕೆ ನನಗೆ ಅವರ ಮೇಲೆ ಗೌರವ ಬಂತು. ಜೊತೆಗೆ, ದಶಾಂಶದವರೆಗೆ ಲೆಕ್ಕ ಹಾಕಿದ ಅಭಿಪ್ರಾಯವೂ ಅಭಿಪ್ರಾಯವೇ ಎಂಬುದು ಮನಸ್ಸಿನಲ್ಲಿ ಗಟ್ಟಿಯಾಯಿತು.

ನಾನು ಹೇಗೆ ಕೇಳುತ್ತೇನೆ ಎಂದು ಹೇಳುತ್ತೇನೆ, ಬೇಕಾದರೆ ಇಟ್ಟುಕೊಳ್ಳಿ. ಯಾವ ಹೊಸ ಆಲ್ಬಮ್ ಆದರೂ ಮೊದಲು ಒಬ್ಬಳೇ ಕೇಳುತ್ತೇನೆ, ಯಾರು ಏನು ಹೇಳಿದ್ದಾರೆ ಎಂದು ನೋಡುವ ಮೊದಲು. ಎರಡು ಸಾಲು ಬರೆದಿಡುತ್ತೇನೆ, ಕೇಳಿದ್ದನ್ನು ಮಾತ್ರ. 2024ರಲ್ಲಿ ಸಿಂಡಿ ಲೀ ಹೆಸರಿನಲ್ಲಿ ‘ಡೈಮಂಡ್ ಜ್ಯೂಬಿಲಿ’ ಎಂಬ ಆಲ್ಬಮ್ ಬಂತು. ಎರಡು ಗಂಟೆಯದ್ದು, 32 ಹಾಡು. ಆಗ ಅದು ಸ್ಪಾಟಿಫೈನಲ್ಲಿ ಇರಲಿಲ್ಲ, ಹಳೇ ಕಾಲದ ಒಂದು ಬಡ ವೆಬ್ ಪುಟದಿಂದ ಇಳಿಸಿಕೊಳ್ಳಬೇಕಿತ್ತು, ಇಲ್ಲವೇ ಯೂಟ್ಯೂಬ್‌ನಲ್ಲಿ ಒಂದೇ ಉದ್ದದ ಕಡತವಾಗಿ ಕೇಳಬೇಕಿತ್ತು. ಅಡುಗೆಮನೆಯಲ್ಲಿ ಅವರೆಕಾಯಿ ಸುಲಿಯುತ್ತ ಕೇಳಿದೆ. ನನ್ನ ಪುಸ್ತಕದಲ್ಲಿ ಅವತ್ತು ಬರೆದದ್ದು ಇಷ್ಟು: “ರಾತ್ರಿ ಹೊತ್ತು ರೇಡಿಯೊ ಸಿಲೋನ್ ಹಿಡಿದ ಹಾಗೆ. ಹಾಡು ದೂರದಿಂದ ಬರುತ್ತದೆ, ಇನ್ನೇನು ಕೈಗೆ ಸಿಕ್ಕಿತು ಅನ್ನುವಷ್ಟರಲ್ಲಿ ಗಾಳಿಯಲ್ಲಿ ಹೋಗುತ್ತದೆ. ಗಿಟಾರು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟ ಹಾಗಿದೆ. ಎರಡನೇ ಗಂಟೆಯಲ್ಲಿ ಸುಸ್ತು.” ಪಿಚ್‌ಫೋರ್ಕ್ ಅದಕ್ಕೆ 9.1 ಕೊಟ್ಟಿದೆ ಎಂದು ಆಮೇಲೆ ತಿಳಿಯಿತು. ಸುಸ್ತಾದದ್ದೂ ನಿಜ, ರೇಡಿಯೊ ಸಿಲೋನ್ ಅನಿಸಿದ್ದೂ ನಿಜ, ಎರಡನ್ನೂ ಅಳಿಸಲಿಲ್ಲ. ಈಗಲೂ ಅದನ್ನು ಅರ್ಧರ್ಧವಾಗಿ ಕೇಳುತ್ತೇನೆ, ಹಾಗೆ ಕೇಳಿದಾಗ ಬಹಳ ಹತ್ತಿರವಾಗುತ್ತದೆ.

ನಮ್ಮ ಬೆಂಗಳೂರಿನದೇ ಬ್ಯಾಂಡ್ ಪರ್ವಾಜ಼್ ಉರ್ದುವಿನಲ್ಲಿ, ಕಾಶ್ಮೀರಿಯಲ್ಲಿ ಹಾಡುತ್ತದೆ. ಅವರ ‘ಬಾರನ್’ 2014ರಲ್ಲಿ ಬಂತು. ಮಾತು ನನಗೆ ಅರ್ಧಕ್ಕರ್ಧ ತಿಳಿಯುವುದಿಲ್ಲ. ಆದರೆ ಖಾಲಿದ್ ಅಹಮದ್ ಕಂಠ ಮೇಲಕ್ಕೆ ಹೋಗುವಾಗ ಗಿಟಾರು ಅವಸರ ಮಾಡದೆ ಕೆಳಗೇ ನಿಂತು ಕಾಯುತ್ತದೆ, ಆ ಕಾಯುವಿಕೆ ತಿಳಿಯುತ್ತದೆ. ದೆಹಲಿಯ ಪೀಟರ್ ಕ್ಯಾಟ್ ರೆಕಾರ್ಡಿಂಗ್ ಕಂಪನಿಯವರ 2019ರ ‘ಬಿಸ್ಮಿಲ್ಲಾ’ ನನಗೆ ಅವರ 2024ರ ‘ಬೀಟಾ’ಕ್ಕಿಂತ ಹೆಚ್ಚು ಇಷ್ಟ. ಹಿಂದಿನದರಲ್ಲಿ ಹಳೇ ಹೋಟೆಲಿನ ಬ್ಯಾಂಡಿನಂಥ ತುತ್ತೂರಿಗಳ ಜೊತೆ ಒಂದು ಮದುವೆಮನೆಯ ದಣಿವೂ ಇತ್ತು, ಹೊಸದರಲ್ಲಿ ಅದು ತೊಳೆದಿಟ್ಟಂತಾಗಿದೆ. ನಿಮ್ಮ ಗೆಳೆಯರು ಒಪ್ಪದಿರಬಹುದು. ಒಪ್ಪಬೇಕೆಂದೇನೂ ಇಲ್ಲ, ನಾನು ಯಾಕೆ ಹಾಗೆ ಅಂದೆ ಎಂದು ಅವರಿಗೆ ತಿಳಿದರೆ ಸಾಕು.

‘ನನಗೆ ಹಿಡಿಸಲಿಲ್ಲ’, ‘ನನಗೆ ತಿಳಿಯಲಿಲ್ಲ’, ‘ಇದು ಸರಿಯಿಲ್ಲ’ ಎಂಬ ಮೂರು ಮಾತುಗಳನ್ನು ಬೆರೆಸಬೇಡಿ. ಡ್ರಮ್ಮಿನ ಸದ್ದು ಹೆಚ್ಚಾಯಿತು ಎಂಬುದು ನಿಮಗೆ ಹಿಡಿಸದೆ ಇದ್ದದ್ದಿರಬಹುದು. ಕೆಲವು ಸಂಗೀತದಲ್ಲಿ ಕಂಠವನ್ನು ಬೇಕೆಂದೇ ಹಿಂದಕ್ಕೆ ತಳ್ಳಿ ವಾದ್ಯಗಳ ಮಂಜಿನಲ್ಲಿ ಮುಳುಗಿಸುತ್ತಾರೆ, ನಿಮ್ಮ ಗೆಳೆಯರು ಹೇಳುವ ಶೂಗೇಜ್ ಅಂದರೆ ಅದೇ. ನಿಮ್ಮ ಗೆಳೆಯನೂ ಹಾಗೆ ಬಯಸಿದ್ದನೇ ಎಂದು ಕೇಳಿ ತಿಳಿಯಿರಿ. ಆದರೆ ‘ಹಾಳೆ ದಾರಿ’ ರುಚಿಯ ಮಾತಲ್ಲ. ಅಲ್ಲಿ ನೀವು ಗಟ್ಟಿಯಾಗಿ ನಿಲ್ಲಬಹುದು.

ಈಗ ಸುಳ್ಳಿನ ಮಾತು. ನೀವು ಕೆಟ್ಟವರಲ್ಲ, ಗೆಳೆಯನ ಮುಖ ನೋಡಿ ಕರಗಿದಿರಿ. ಆದರೂ ಇದನ್ನು ಹೀಗೇ ಬಿಡಬಾರದು ಎಂದು ನನಗೆ ಬಲವಾಗಿ ಅನಿಸುತ್ತದೆ, ಅದಕ್ಕೆ ಕಾರಣ ಇದು ಇಂಡೀ ಸಂಗೀತ ಎಂಬುದೇ. ಸಿನಿಮಾ ಹಾಡಾಗಿದ್ದರೆ ಸಂಗೀತ ನಿರ್ದೇಶಕರು, ಹಾಡು ಬರೆದವರು, ಚಿತ್ರದ ನಿರ್ದೇಶಕರು, ಆಡಿಯೊ ಕಂಪನಿಯವರು ಹೀಗೆ ನಾಲ್ಕೈದು ಜನರ ಕಿವಿ ದಾಟಿಕೊಂಡು ಅದು ಹೊರಗೆ ಬರುತ್ತಿತ್ತು. ಯಾರಾದರೊಬ್ಬರು ‘ಹಾಳೆ’ ಹತ್ತಿರ ಕೈ ಎತ್ತುತ್ತಿದ್ದರು. ಸ್ವಂತ ದುಡ್ಡು ಹಾಕಿ, ಸ್ವಂತ ಮನಸ್ಸಿನಂತೆ ಮಾಡುವ ಸಂಗೀತದಲ್ಲಿ ‘ಬೇಡ’ ಅನ್ನುವವರು ಯಾರೂ ಇಲ್ಲ. ಅದು ಅದರ ಸೊಗಸು. ಬೆಂಗಳೂರಿನ ಥರ್ಮಲ್ ಅಂಡ್ ಎ ಕ್ವಾರ್ಟರ್ 1996ರಿಂದ ಇವತ್ತಿನವರೆಗೆ ತಮಗೆ ಬೇಕಾದದ್ದನ್ನೇ ನುಡಿಸುತ್ತ ಬಂದದ್ದು ಆ ಸ್ವಾತಂತ್ರ್ಯದ ಬಲದಿಂದ. ಆದರೆ ಆ ಖಾಲಿ ಜಾಗದಲ್ಲಿ ಗೆಳೆಯರು ಬಂದು ಕೂರಬೇಕು, ಅವರು ಬಿಟ್ಟರೆ ಇನ್ನಾರೂ ಇಲ್ಲ. ನಿಮ್ಮ ಗೆಳೆಯ ತಾರಸಿಗೆ ಕರೆದುಕೊಂಡು ಹೋದದ್ದು ನಿಮ್ಮನ್ನೊಬ್ಬರನ್ನೇ. “ನೀನು ಸಾಹಿತ್ಯ ಕೇಳೋನು” ಅಂದನಲ್ಲ, ಅವನಿಗೂ ಎಲ್ಲೋ ಒಂದು ಅನುಮಾನ ಇತ್ತು. ಹೊಗಳಿಕೆ ಬೇಕಾಗಿದ್ದರೆ ಕೆಳಗೆ ಹಾಲಿನಲ್ಲೇ ಬೇಕಾದಷ್ಟಿತ್ತು, ಮೆಟ್ಟಿಲು ಹತ್ತಬೇಕಿರಲಿಲ್ಲ.

ಅದರ ಮೇಲೆ ಸಾಲದ ಹೊರೆ ಬೇರೆ. ಸ್ಪಾಟಿಫೈ 2024ರಿಂದ ಒಂದು ನಿಯಮ ಮಾಡಿದೆ: ಹಿಂದಿನ 12 ತಿಂಗಳಲ್ಲಿ 1,000 ಸಲ ಕೇಳಿಸಿಕೊಳ್ಳದ ಹಾಡಿಗೆ ಅಲ್ಲಿಂದ ಹಣ ಬರುವುದಿಲ್ಲ. 30 ಸೆಕೆಂಡ್ ಓಡಿದರೆ ಒಂದು ಸಲ ಕೇಳಿದ ಲೆಕ್ಕ. ಹೊಸ ಬ್ಯಾಂಡಿಗೆ ಸಾವಿರ ದಾಟುವುದೇ ಒಂದು ಬೆಟ್ಟ, ದಾಟಿದರೂ ಸಿಗುವುದು ಪುಡಿಗಾಸು. ಅಂಥದ್ದರಲ್ಲಿ ಸಾಲದ ವಿಡಿಯೊ ತಪ್ಪು ಉಚ್ಚಾರದ ಹಾಡಿನ ಮೇಲೆ ನಿಂತರೆ, ಆಮೇಲೆ ಆ ಪದವನ್ನು ತಿದ್ದಲು ಅವನ ಬಳಿ ದುಡ್ಡೂ ಇರುವುದಿಲ್ಲ, ಮನಸ್ಸೂ ಇರುವುದಿಲ್ಲ. ಹಾಗಾಗಿ ಈ ವಾರವೇ ಹೇಳಿ.

ಹೇಗೆ ಹೇಳುವುದು ಎಂಬುದಕ್ಕೆ ನನ್ನ ಮನೆಯದೇ ಒಂದು ಸಂಗತಿ. ನನ್ನಣ್ಣ ಮೈಸೂರಿನಲ್ಲಿ ಗೆಳೆಯರ ಜೊತೆ ಸುಗಮ ಸಂಗೀತದ ತಂಡ ಕಟ್ಟಿದ್ದ. ಗಣೇಶೋತ್ಸವದ ಕಾರ್ಯಕ್ರಮಕ್ಕೆ ಮುಂಚೆ ಅಭ್ಯಾಸ ನಡೆಯುವಾಗ, ಹೇಗಿದೆ ಎಂದು ನನ್ನನ್ನು ಕೇಳಿದ. ತಬಲಾದ ಅಬ್ಬರದಲ್ಲಿ ನಿನ್ನ ಮಾತು ಒಂದೂ ಕೇಳುವುದಿಲ್ಲ ಎಂದು ಎಲ್ಲರ ಎದುರೇ ಹೇಳಿಬಿಟ್ಟೆ. ತಬಲಾ ನುಡಿಸುವವನು ಅಲ್ಲೇ ಕೂತಿದ್ದ, ಬಾರಿಸುತ್ತಿದ್ದ ಕೈ ಹಾಗೇ ನಿಂತಿತು. ಅಣ್ಣ ನಾಲ್ಕು ತಿಂಗಳು ನನ್ನ ಜೊತೆ ಮಾತು ಬಿಟ್ಟ. ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಬಾಗಿಲಲ್ಲಿ ನಿಂತು, “ತಬಲಾ ಮೈಕು ಹಿಂದಕ್ಕೆ ಸರಿಸಿದ್ದೀವಿ, ಬಂದು ಕೇಳು” ಅಂದ. ನಾನು ಹೇಳಿದ್ದು ಸರಿಯಾಗಿಯೇ ಇತ್ತು, ಹೇಳಿದ ಜಾಗ ತಪ್ಪಾಗಿತ್ತು. ಆ ತಬಲಾದವನ ಮುಖ ಇಷ್ಟು ವರ್ಷವಾದರೂ ನನಗೆ ಮರೆತಿಲ್ಲ.

ಹಾಗಾಗಿ ಶುಕ್ರವಾರದ ಕೂಟದಲ್ಲಿ ಬೇಡ. ಮೆಸೇಜಿನಲ್ಲಂತೂ ಬೇಡವೇ ಬೇಡ, ಅಲ್ಲಿ ನಿಮ್ಮ ದನಿ ಇರುವುದಿಲ್ಲ, ಬರೀ ಅಕ್ಷರ ಹೋಗಿ ಚುಚ್ಚುತ್ತದೆ. ಅವನು ನಿಮ್ಮನ್ನು ಕರೆದುಕೊಂಡು ಹೋದ ಅದೇ ತಾರಸಿಗೆ ನೀವು ಅವನನ್ನು ಕರೆದುಕೊಂಡು ಹೋಗಿ. “ಅವತ್ತು ಸೂಪರ್ ಅಂದೆ, ಪೂರ್ತಿ ನಿಜ ಹೇಳಲಿಲ್ಲ, ಕ್ಷಮಿಸು” ಎಂದು ಮೊದಲ ಮಾತಿನಲ್ಲೇ ಹೇಳಿಬಿಡಿ. ಮುಂಚೆ ನಾಲ್ಕು ಹೊಗಳಿಕೆ ಹೇಳಿ ಆಮೇಲೆ ಆದರೆ ಎಂದು ಎಳೆಯಬೇಡಿ; ಆ ‘ಆದರೆ’ಗೆ ಕಾಯುತ್ತ ಕೂತವನಿಗೆ ಹೊಗಳಿಕೆಯೂ ಕೇಳುವುದಿಲ್ಲ. ಅವನು ಸಿಟ್ಟಾಗಬಹುದು. ಒಂದೆರಡು ವಾರ ಮಾತು ಕಡಿಮೆಯಾಗಬಹುದು, ನನ್ನಣ್ಣನ ಹಾಗೆ ನಾಲ್ಕು ತಿಂಗಳೂ ಆಗಬಹುದು. ಅವನು ಎಷ್ಟು ಹೊತ್ತು ತೆಗೆದುಕೊಳ್ಳುತ್ತಾನೋ ತೆಗೆದುಕೊಳ್ಳಲಿ, ಅಡುಗೆಮನೆಯಲ್ಲಿ ಎದುರಾದಾಗ ಕಾಫಿ ಬೆರೆಸಿಕೊಡುವುದನ್ನು ಮಾತ್ರ ನಿಲ್ಲಿಸಬೇಡಿ. ಗೆಳೆತನ ಖಂಡಿತ ಉಳಿಯುತ್ತದೆ ಎಂದು ನಾನು ಮಾತು ಕೊಡಲಾರೆ. ಆದರೆ ನಾಳೆ ವಿಡಿಯೊ ಬಂದ ಮೇಲೆ ಯಾರೋ ಅಪರಿಚಿತರು ಅದೇ ಪದವನ್ನು ಹಿಡಿದು ನಕ್ಕರೆ, ನಿಮಗೆ ಮೊದಲೇ ಗೊತ್ತಿತ್ತು ಎಂಬುದು ಅವನಿಗೆ ತಿಳಿದರೆ, ಆಗ ಉಳಿಯುವುದು ಇನ್ನೂ ಕಷ್ಟ.

ಆರು ಹಾಡಿನಲ್ಲಿ ನಿಮಗೆ ನಿಜವಾಗಿ ಹಿಡಿಸಿದ್ದು ಒಂದಾದರೂ ಇರುತ್ತದೆ. ಹೋಗುವ ಮುಂಚೆ ಇನ್ನೊಮ್ಮೆ ಒಬ್ಬರೇ ಕೂತು ಕೇಳಿ, ಇಯರ್‌ಫೋನ್ ಹಾಕಿಕೊಂಡು, ಕೈಯಲ್ಲಿ ಪೆನ್ಸಿಲ್ ಹಿಡಿದು. ಎಲ್ಲಿ ಮೈ ಜುಮ್ಮೆಂದಿತೋ ಅದರ ನಿಮಿಷ, ಸೆಕೆಂಡ್ ಬರೆದುಕೊಳ್ಳಿ. ಕಂಡ ತಪ್ಪನ್ನು ಹೇಳುವಷ್ಟೇ ಖಚಿತವಾಗಿ ಅದನ್ನೂ ಹೇಳಿ.

ಮತ್ತೆ ಆ ನಾಲ್ಕನೇ ಹಾಡು. ನಾನು ಇಲ್ಲೇ ಕೂತು ಗುನುಗಿ ನೋಡಿದೆ, ಟ್ಯೂನ್ ನನಗೆ ಗೊತ್ತಿಲ್ಲದಿದ್ದರೂ. ನಾವು ಮಾತಾಡುವಾಗ ‘ಹಳೇ ದಾರಿ’ ಎಂದೇ ಅನ್ನುತ್ತೇವೆ, ‘ಹಳೇ ಮನೆ’, ‘ಹಳೇ ಊರು’. ಎಳೆತ ಎರಡನೇ ಅಕ್ಷರಕ್ಕೆ ಬಂದರೆ ಪದ ಕೆಡುವುದಿಲ್ಲ, ಇನ್ನಷ್ಟು ನಮ್ಮದಾಗುತ್ತದೆ. ಅವನು ಪದವನ್ನು ಅರ್ಧ ಎಣಿಕೆ ಮುಂಚೆ ಎತ್ತಿಕೊಂಡರೆ ಉದ್ದದ ಸ್ವರ ಸರಿಯಾಗಿ ‘ಳೇ’ ಮೇಲೆ ಬಂದು ಕೂರಬಹುದು. ಒಂದು ಸಾಲನ್ನಷ್ಟೇ ಮತ್ತೆ ಹಾಡಿ ಸೇರಿಸಲು ಸ್ಟುಡಿಯೊದಲ್ಲಿ ಹೆಚ್ಚು ಹೊತ್ತು ಬೇಡ. ತಾರಸಿಗೆ ಹೋಗುವಾಗ ಗಿಟಾರನ್ನೂ ತರಲು ಹೇಳಿ. ಕ್ಷಮೆ ಕೇಳಿದ ಮೇಲೆ, ಅವನು ಸುಮ್ಮನೆ ಕೂತಿದ್ದರೆ, “ಒಂದು ಸಲ ‘ಹಳೇ’ ಅಂತ ಹಾಡಿ ನೋಡು” ಅನ್ನಿ.